ಎರಡು ಕತ್ತೆ, ಒಬ್ಬ ಉಪದೇಶಿ

ನನ್ನ ಗಂಡ ಯೋವೇಲಪ್ಪನವರ ಪ್ರಕಾರ ಈ ಲೋಕದಲ್ಲಿ ಏನೇ ನಡೆದರೂ ಅದು ಮೊದಲೇ ಬರೆದಿಟ್ಟದ್ದು. ನಮ್ಮ ಆಡು ಪಕ್ಕದವರ ಮೆಂತ್ಯದ ಮಡಿ ಮೇಯ್ದರೆ ಅದಕ್ಕೂ ಯಾವನೋ ಒಬ್ಬ ಪ್ರವಾದಿಯ ಮಾತು ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತಿತ್ತು. ಆ ಮಾತು ಆಡು ಮೇಯುವ ಮೊದಲೇ ನೆನಪಾಗಿದ್ದರೆ ನಾನು ಅದನ್ನು ಗೂಟಕ್ಕೆ ಕಟ್ಟುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದೆ, ಒಂದು ದಿನವೂ ಹಾಗಾಗಲಿಲ್ಲ. ಮಡಿ ಬೋಳಾದ ಮೇಲೆಯೇ ಪ್ರವಾದಿ ಬರುತ್ತಿದ್ದ.

ಅವರು ಬಾಗಲಕೋಟೆಯ ನಮ್ಮ ಸಣ್ಣ ಸಭೆಗೆ ಉಪದೇಶಿಗಳು. ಇಪ್ಪತ್ತು ಮನೆ ದಾಟದ ಸಭೆ, ಎಲ್ಲರೂ ಅಜ್ಜನ ಕಾಲದಲ್ಲಿ ಕ್ರೈಸ್ತರಾದ ನೇಕಾರರ ಮಕ್ಕಳು ಮೊಮ್ಮಕ್ಕಳು. ಉಪದೇಶಿ ಎಂದರೆ ಏನೆಂದು ಬಿಡಿಸಿ ಹೇಳಬೇಕು, ಯಾಕೆಂದರೆ ಊರವರು ಎಲ್ಲರನ್ನೂ ಪಾದ್ರಿ ಎಂದೇ ಕರೆಯುತ್ತಾರೆ. ದೀಕ್ಷೆಯಾದವರು ಅಯ್ಯನವರು. ದೀಕ್ಷೆಯಾಗದವನು ಉಪದೇಶಿ. ಅವನು ಪ್ರಸಂಗ ಮಾಡಬಹುದು, ಹಾಡಿಸಬಹುದು, ಗಂಟೆ ಹೊಡೆಯಬಹುದು, ಚರ್ಚಿನ ಕಸ ಗುಡಿಸಬಹುದು. ರೊಟ್ಟಿ ಮುರಿದು, ದ್ರಾಕ್ಷಾರಸದ ಪಾತ್ರೆಯನ್ನು ಎತ್ತಿ, ಕರ್ತನ ಭೋಜನ ಕೊಡುವ ಹಕ್ಕು ಮಾತ್ರ ಅವನಿಗಿಲ್ಲ. ಅದಕ್ಕೆ ದೂರದ ಊರಿನಿಂದ ಅಯ್ಯನವರು ಬಸ್ಸಿನಲ್ಲಿ ಬರಬೇಕು. ಅಯ್ಯನವರು ಬಸ್ಸಿನ ಅನುಕೂಲ, ಮೈಯ ಅನುಕೂಲ, ಹವೆಯ ಅನುಕೂಲ ನೋಡಿಕೊಂಡು ಬರುತ್ತಿದ್ದರು. ಸಾಯುವವರಿಗೆ ಹಾಗೆ ಅನುಕೂಲ ನೋಡಲು ಆಗುವುದಿಲ್ಲ. ನಮ್ಮ ಎಷ್ಟೋ ಮುದುಕರು ಕೊನೆಗಾಲದಲ್ಲಿ ಪಾತ್ರೆಗೆ ಕೈಚಾಚಿದ್ದರು. ನಮ್ಮ ಇವರು "ಅಯ್ಯನವರು ಬರ್ತಾರ, ತಡೀರಿ" ಎಂದಿದ್ದರು. ಅವರು ತಡೆಯದೆ ಹೋಗಿಬಿಟ್ಟಿದ್ದರು. ಅಂಥ ದಿನ ಇವರು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ತಮಗೂ ದೀಕ್ಷೆ ಕೊಡಿ ಎಂದು ಇವರು ಮೇಲಿನವರನ್ನು ಕೇಳಿಕೊಳ್ಳುತ್ತ ಬಂದದ್ದು ಅದೊಂದೇ ಕಾರಣಕ್ಕೆ. ಉಳಿದ ವಿಷಯದಲ್ಲಿ ಇವರನ್ನು ಎಷ್ಟು ಬೇಕಾದರೂ ಆಡಿಕೊಳ್ಳುತ್ತೇನೆ, ಈ ವಿಷಯದಲ್ಲಿ ಮಾತ್ರ ಆಡಿಕೊಳ್ಳುವುದಿಲ್ಲ.

ಉಳಿದ ವಿಷಯಕ್ಕೆ ಬರೋಣ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆಚೆ ಕಡೆ ನಿವೃತ್ತ ಹೆಡ್‌ಮಾಸ್ತರ ರಾಚಯ್ಯನವರು. ಅವರ ಹತ್ತಿರ ಕಾಲಜ್ಞಾನ ಇತ್ತು, ಅಂದರೆ ಮುಂದೆ ಆಗುವುದನ್ನು ಹಿಂದಿನವರು ಒಗಟಿನ ಹಾಗೆ ಹೇಳಿಟ್ಟ ಮಾತುಗಳು. ಇಳಕಲ್ಲಿಗೆ ಪವರ್‌ಲೂಮ್ ಬಂದಾಗ ಅವರಿಗೆ "ಕೈಯಿಲ್ಲದವ ನೇಯ್ದಾನು" ಎಂಬ ಸಾಲು ಸಿಕ್ಕಿತು. ಆಲಮಟ್ಟಿಯ ಅಣೆಕಟ್ಟಿನಿಂದ ಬಾಗಲಕೋಟೆ ಮುಳುಗುತ್ತದೆ ಎಂದು ಸರಕಾರ ಹೇಳಿದ ಮೇಲೆ "ಹೊಳಿ ಪ್ಯಾಟಿಗೆ ಬಂದೀತು" ಎಂಬುದು ಸಿಕ್ಕಿತು. ಸರಕಾರ ಹೇಳುವ ಮೊದಲು ಅದೇ ಸಾಲಿಗೆ ಅವರು "ಮೀನ ಅಗ್ಗ ಆಗ್ತಾವ" ಎಂದು ಅರ್ಥ ಹೇಳಿದ್ದನ್ನು ನಾನೇ ಕೇಳಿದ್ದೆ. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತರೆ ಧರ್ಮದ ಜಗಳವೇ ಇರುತ್ತಿರಲಿಲ್ಲ. ಒಬ್ಬರು "ನಮ್ಮಾಗ ಬರದೈತ್ರಿ" ಎನ್ನುವುದು, ಇನ್ನೊಬ್ಬರು "ನಮ್ಮಾಗೂ ಬರದೈತ್ರಿ" ಎನ್ನುವುದು. ಇಬ್ಬರು ತ್ರಿಕಾಲಜ್ಞಾನಿಗಳ ನಡುವೆ ಬಾಳಿದವಳು ನಾನು. ನಾಳೆ ಕರೆಂಟು ಹೋಗಿ ಹಿಟ್ಟಿನ ಗಿರಣಿ ನಿಲ್ಲುತ್ತದೆಂದು ಒಬ್ಬರಾದರೂ ಹೇಳಬೇಡವೇ? ಜೋಳದ ಡಬ್ಬಿ ಹೊತ್ತು ಹೋಗಿ ಹೊತ್ತು ಬಂದದ್ದಕ್ಕೆ ಲೆಕ್ಕವಿಲ್ಲ.

ಆದರೆ ನನ್ನ ಗಂಡನ ನಿಜವಾದ ಕಸುಬು ಆಡಿನದೂ ಅಲ್ಲ, ಕರೆಂಟಿನದೂ ಅಲ್ಲ. ಯೆಹೂದ್ಯರ ಹಳೆಯ ಗ್ರಂಥಗಳಲ್ಲಿ ಮೆಸ್ಸೀಯ ಎಂಬ ಅಭಿಷಿಕ್ತ ರಾಜ ಬರುತ್ತಾನೆಂದು ಎಲ್ಲೆಲ್ಲಿ ಹೇಳಿದೆ, ಅದು ನಮ್ಮ ಯೇಸುವಿನಲ್ಲಿ ಹೇಗೆ ಹೇಗೆ ನೆರವೇರಿತು, ಇದು ಅವರ ಕಸುಬು. ಹುಟ್ಟುವ ಊರು, ಹೆರುವ ತಾಯಿ, ಏರುವ ಕತ್ತೆ, ಚೀಟಿ ಹಾಕಿ ಪಾಲು ಮಾಡಿಕೊಳ್ಳುವ ಅಂಗಿ, ಎಲ್ಲವೂ ಮೊದಲೇ ಬರೆದಿದೆ. ಹುನಗುಂದದಲ್ಲಿದ್ದಾಗ ಸಂತೆಯಲ್ಲಿ ನಿಂತು ಇವರು ಇದನ್ನು ಹೇಳುತ್ತಿದ್ದರೆ ಬದನೆಕಾಯಿ ಮಾರುವವರು ತಕ್ಕಡಿ ಹಿಡಿದುಕೊಂಡೇ ಬಾಯಿ ತೆರೆದು ಕೇಳುತ್ತಿದ್ದರು. ಹೇಳುವ ಶಕ್ತಿ ಇತ್ತು, ಸುಳ್ಳೇಕೆ ಹೇಳಲಿ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಯಾರಾದರೂ ಪುಸ್ತಕದಲ್ಲಿ ಒಂದು ಸಾಲು ತೋರಿಸಿದರೆ ಅದರ ಹಿಂದಿನ ಪುಟ, ಮುಂದಿನ ಪುಟ ಓದುವ ಕೆಟ್ಟ ಚಟ ನನ್ನದು. ಕನ್ಯೆ ಗರ್ಭಿಣಿಯಾಗುತ್ತಾಳೆ ಎಂಬ ಯೆಶಾಯ ಪ್ರವಾದಿಯ ಮಾತನ್ನು ಇವರು ಹೇಳಿದ ದಿನ ನಾನು ಇಡೀ ಅಧ್ಯಾಯ ಓದಿದೆ. ಅಲ್ಲಿ ಆಹಾಜ ಎಂಬ ಅರಸ, ಅವನ ಮೇಲೆ ಇಬ್ಬರು ರಾಜರು ದಂಡೆತ್ತಿ ಬಂದಿದ್ದಾರೆ, ಅವನು ಹೆದರಿ ಕೂತಿದ್ದಾನೆ.

"ಅಲ್ರಿ," ಎಂದೆ, "ವೈರಿ ಬಾಗಲದಾಗ ನಿಂತಾನ. ಹೆದರಬ್ಯಾಡ, ಗುರುತಿಗೆ ಒಂದು ಕೂಸು ಹುಟ್ಟತೈತಿ, ಅದಕ್ಕ ತಿಳುವಳಿಕಿ ಬರೂದ್ರಾಗ ವೈರಿ ಹೋಗಿರ್ತಾನ ಅಂತ ಯೆಶಾಯ ಹೇಳ್ತಾನ. ಆ ಕೂಸು ಏಳುನೂರು ವರ್ಷ ಬಿಟ್ಟು ಹುಟ್ಟಿದ್ರ ಆ ಅರಸಗ ಏನ್ ಬಂತ್ರಿ?"

"ಪ್ರವಾದನೆಗೆ ಎರಡು ಅಂತಸ್ತು ಇರ್ತಾವ," ಎಂದರು ಇವರು, ಒಂದಿಷ್ಟೂ ತಡವರಿಸದೆ. "ಕೆಳಗಿಂದು ಆಹಾಜಗ. ಮ್ಯಾಲಿಂದು ನಮಗ."

"ಮ್ಯಾಲ ಹತ್ತಾಕ ನಿಚ್ಚಣಿಕಿ ಯಾರು ಇಟ್ರು?"

"ಮತ್ತಾಯ," ಎಂದರು. ಯೇಸುವಿನ ಕಥೆ ಬರೆದ ನಾಲ್ವರು ಸುವಾರ್ತಿಕರಲ್ಲಿ ಒಬ್ಬ.

"ಯಾವಾಗ? ಎಲ್ಲಾ ಆದ ಮ್ಯಾಲನ?"

ಇವರು ಕಣ್ಣು ಮುಚ್ಚಿದರು. ಅದು ನನಗಾಗಿ ಪ್ರಾರ್ಥನೆ ಮಾಡುವ ಭಂಗಿ. ನಾನು ಬಿಡುವವಳಲ್ಲ. "ಹೋಗಲಿ, ಇದು ಯಾರ ಪುಸ್ತಕ್ರಿ? ಯೆಹೂದ್ಯರದು. ಅವರು ಅದನ್ನ ದಿನಾ ಓದಿ, ಆತ ಇನ್ನೂ ಬಂದಿಲ್ಲ ಅಂತ ಕುಂತಾರ. ಮನಿ ಮಾಲಕಗ ಕಾಣದ್ದು ಬಾಡಗಿ ಇರೂ ನಮಗ ಹೆಂಗ ಕಂಡ್ತು?"

"ಅವರ ಕಣ್ಣಿಗೆ ಪರದೆ ಬಿದ್ದೈತಿ," ಎಂದರು. "ಹಂಗ ಬೀಳತೈತಿ ಅಂತನೂ ಬರದೈತಿ."

ನೋಡಿ, ಇಂಥವರ ಜತೆ ವಾದ ಮಾಡುವುದು ಹೇಗೆ? ನಾನು ನಂಬದವಳಲ್ಲ. ನಾನೂ ಪ್ರಾರ್ಥನೆ ಮಾಡುತ್ತೇನೆ, ಯೇಸುವಿನ ಹೆಸರು ಹೇಳಿಯೇ ಒಲೆ ಹಚ್ಚುತ್ತೇನೆ. ಅವನನ್ನು ಪ್ರೀತಿಸುವುದಕ್ಕೆ ನನಗೆ ಕತ್ತೆಗಳ ಸಾಕ್ಷಿ ಬೇಕಾಗಿರಲಿಲ್ಲ, ಅಷ್ಟೆ.

ಕತ್ತೆಗಳ ಮಾತು ಬಂದದ್ದು ೧೯೮೩ರಲ್ಲಿ. ಆ ವರ್ಷ ಗರಿಗಳ ಭಾನುವಾರಕ್ಕೆ ರೆವರೆಂಡ್ ಥಿಯೋಫಿಲ್ ಎಂಬ ದೊಡ್ಡ ಅಯ್ಯನವರು ಬಾಗಲಕೋಟೆಗೆ ಬರುತ್ತಾರೆ, ಆರಾಧನೆ ನೋಡುತ್ತಾರೆ, ಯೋವೇಲಪ್ಪನವರಿಗೆ ದೀಕ್ಷೆ ಕೊಡಬಹುದೋ ಬೇಡವೋ ಎಂದು ತೀರ್ಮಾನ ಹೇಳುತ್ತಾರೆ ಎಂದು ಸುದ್ದಿ ಬಂತು. ಅವರು ಕರಾವಳಿಯವರು. ಮರುದಿನ ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಹೋಗುವ ಆಸೆಯೂ ಅವರಿಗಿತ್ತಂತೆ. ಗುಹೆಯ ಆಸೆ ಮೊದಲು ಹುಟ್ಟಿ ಪರೀಕ್ಷೆಯ ನೆಪ ಆಮೇಲೆ ಹುಟ್ಟಿರಬೇಕೆಂದು ನನ್ನ ಅಂದಾಜು. ಅದೇನೇ ಇರಲಿ, ಇವರ ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಈ ಸಲ ಆಗದಿದ್ದರೆ ಇನ್ನೆಂದೂ ಇಲ್ಲ. ಅದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗರಿಗಳ ಭಾನುವಾರ ಎಂದರೆ ಯೇಸು ಕತ್ತೆಯ ಮೇಲೆ ಕೂತು ಯೆರೂಸಲೇಮನ್ನು ಪ್ರವೇಶಿಸಿದ ದಿನ. ಜನ ಖರ್ಜೂರದ ಗರಿ ಬೀಸಿ, ಹೊಸಾನ್ನ, ಅಂದರೆ ನಮ್ಮನ್ನು ರಕ್ಷಿಸು, ಎಂದು ಕೂಗಿದ್ದರು. ಪ್ರತಿ ವರ್ಷ ನಾವು ಹಳ್ಳದ ಈಚಲ ಗರಿ ಹಿಡಿದು ಚರ್ಚನ್ನು ಒಂದು ಸುತ್ತು ಹಾಕಿ ಮುಗಿಸುತ್ತಿದ್ದೆವು. ಈ ಸಲ ಇವರಿಗೆ ಅಷ್ಟು ಸಾಲಲಿಲ್ಲ. ಅರಸನು ದೀನನಾಗಿ ಕತ್ತೆ ಏರಿ ಬರುತ್ತಾನೆ, ಕತ್ತೆಮರಿ ಏರಿ ಬರುತ್ತಾನೆ ಎಂದು ಜೆಕರ್ಯ ಪ್ರವಾದಿ ಐನೂರು ವರ್ಷ ಮೊದಲೇ ಹೇಳಿದ್ದ. ಉಳಿದ ಸುವಾರ್ತಿಕರು ಒಂದು ಕತ್ತೆಯಲ್ಲಿ ಕೆಲಸ ಮುಗಿಸಿದರೆ, ಮತ್ತಾಯನು ಪ್ರವಾದಿಯ ಮಾತು ಕೊರತೆಯಾಗಬಾರದೆಂದು ತಾಯಿ ಮರಿ ಎರಡನ್ನೂ ತರಿಸಿ ಎರಡರ ಮೇಲೂ ಬಟ್ಟೆ ಹಾಸಿ ಕೂಡಿಸಿದ್ದಾನೆ. ಇವರು ಮತ್ತಾಯನ ಪಕ್ಷ. ಊರ ನಡುವೆ ಎರಡು ಕತ್ತೆಗಳ ಮೆರವಣಿಗೆ ಆಗಬೇಕು, ದೊಡ್ಡ ಅಯ್ಯನವರು ಬರೆದದ್ದನ್ನು ಕಣ್ಣಾರೆ ನೋಡಬೇಕು.

ಘಟಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಅಮಾತೆಪ್ಪನ ಹತ್ತಿರ ಒಂದು ಹೆಣ್ಣುಕತ್ತೆಯೂ ಅದರ ಮರಿಯೂ ಇದ್ದವು. ಇವರು ಹೋಗಿ ಕೇಳಿದಾಗ ನಾನೂ ಜತೆಗಿದ್ದೆ.

"ಕೊಡ್ತೇನ್ರಿ, ಅದಕ್ಕೇನ," ಎಂದ ಅಮಾತೆಪ್ಪ. "ಖರೆ ಎರಡು ಕತ್ತಿ ಮ್ಯಾಲ ಒಬ್ಬಾವ ಹೆಂಗ ಕುಂದರ್ತಾನ್ರಿ? ಸರ್ಕಸ್ಸೇನು?"

"ಬರದೈತೋ ಅಮಾತೆಪ್ಪ."

"ಬರದವರು ಕತ್ತಿ ಕಂಡಿದ್ರೇನ್ರಿ?"

ಕೊನೆಗೆ ತಾಯಿಯ ಮೇಲೆ ಕೂರುವುದು, ಮರಿಯ ಕುತ್ತಿಗೆಯ ಮೇಲೆ ಒಂದು ಕೈ ಇಡುವುದು ಎಂದು ರಾಜಿಯಾಯಿತು. ಕೂರುವವರು ಯಾರು ಎಂಬುದು ಬೇರೆ ತೊಡಕು. ನಮ್ಮ ಕಡೆ ಮನುಷ್ಯನನ್ನು ಕತ್ತೆಯ ಮೇಲೆ ಕೂಡಿಸುವುದು ಒಂದೇ ಸಂದರ್ಭದಲ್ಲಿ. ಮಾಡಬಾರದ್ದನ್ನು ಮಾಡಿ ಸಿಕ್ಕಿಬಿದ್ದವನ ಅರ್ಧ ತಲೆ ಬೋಳಿಸಿ, ಸುಣ್ಣ ಮಸಿ ಹಚ್ಚಿ ಕೂಡಿಸುತ್ತಾರೆ. ಸಭೆಯ ಗಂಡಸರು ಒಬ್ಬೊಬ್ಬರಾಗಿ ಸೊಂಟನೋವು ಎಂದರು. ಅಷ್ಟೊಂದು ಸೊಂಟಗಳು ಒಂದೇ ವಾರದಲ್ಲಿ ನೊಂದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಹೀಗಾಗಿ ಇವರೇ ಕೂರುವುದೆಂದಾಯಿತು.

ನನ್ನ ಚಿಂತೆ ಬೇರೆಯಾಗಿತ್ತು. "ಅಂದು ಹೋಳಿ ಹುಣ್ಣಿವಿ ಹಂತ್ಯಾಕ ಬಂದಿರ್ತೈತ್ರಿ," ಎಂದೆ. "ಓಣಿ ಓಣ್ಯಾಗ ಹಲಗಿ ಬಡ್ಯಾಕತ್ಯಾರ, ಕೇಳವಲ್ದೇನು?"

"ದಮ್ಮಡಿ ಬಡಿದು ದೇವರನ್ನ ಕೊಂಡಾಡ್ರಿ ಅಂತ ಕೀರ್ತನೆಯೊಳಗ ಐತಿ," ಎಂದರು.

ಬಾಗಲಕೋಟೆಯ ಹೋಳಿ ಗೊತ್ತಿಲ್ಲದವರಿಗೆ ಇದನ್ನು ಹೇಳಲೇಬೇಕು. ಇಲ್ಲಿ ಹೋಳಿ ಎಂದರೆ ಬರೀ ಬಣ್ಣವಲ್ಲ. ದಿನಗಟ್ಟಲೆ ಹಲಗಿ, ಆಮೇಲೆ ಸೋಗು. ವರ್ಷವೆಲ್ಲ ಊರನ್ನು ಕಾಡಿದ ಯಾವನಾದರೂ ಒಬ್ಬನ ವೇಷ ಕಟ್ಟಿ, ಬಂಡಿಯಲ್ಲೋ ಕತ್ತೆಯ ಮೇಲೋ ಮೆರೆಸಿ, ಸುತ್ತ ನಿಂತು ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು. ಯಾವ ಓಣಿಯ ಸೋಗು ಚಲೋ ಎಂದು ಪೈಪೋಟಿ ಬೇರೆ. ಇಡೀ ಊರಿಗೆ ಗೊತ್ತಿದ್ದ ಈ ಸಂಗತಿಯನ್ನು ಇಬ್ಬರು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಒಬ್ಬರು ಚರ್ಚಿನ ಕ್ಯಾಲೆಂಡರು ಬಿಟ್ಟು ಬೇರೆ ನೋಡದ ನನ್ನ ಗಂಡ. ಇನ್ನೊಬ್ಬರು ಹೋಳಿಯ ಹಾವಳಿಯೇ ಇಲ್ಲದ ಊರಿನಿಂದ ಹಿಂದಿನ ಸಂಜೆ ಬಂದಿಳಿದ ರೆವರೆಂಡ್ ಥಿಯೋಫಿಲ್.

ಭಾನುವಾರ ಬೆಳಿಗ್ಗೆ ದೊಡ್ಡ ಅಯ್ಯನವರನ್ನು ಚರ್ಚಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂಡಿಸಿ ನಾವು ಹೊಳೆಯ ದಂಡೆಗೆ ಹೋದೆವು. ಇವರು ಬಿಳಿ ನಿಲುವಂಗಿ ತೊಟ್ಟು ಕತ್ತೆ ಏರಿದರು. ಒಂದು ಕೈ ಆಶೀರ್ವಾದಕ್ಕೆ ಮೇಲೆ, ಇನ್ನೊಂದು ಕೈ ಮರಿಯ ಕುತ್ತಿಗೆಯ ಮೇಲೆ. ಮರಿಗೆ ಮತ್ತಾಯನ ಪರಿಚಯವಿರಲಿಲ್ಲ. ಅದು ಹಿಂದೆ ಸರಿದಾಗ ಇವರು ಅರ್ಧ ಕೆಳಗೆ ಬಾಗುತ್ತಿದ್ದರು, ಮುಂದೆ ಓಡಿದಾಗ ಕತ್ತೆಯ ಕಿವಿ ಹಿಡಿಯುತ್ತಿದ್ದರು. ನಾವು ಗರಿ ಬೀಸುತ್ತ, ರಾಜನೇ ಬಾ, ಬಂದು ರಕ್ಷಿಸು ಎಂದು ಹಾಡುತ್ತ ಕಿಲ್ಲಾ ಓಣಿಗೆ ಬಂದೆವು.

ಓಣಿಯ ಮೂಲೆಯಲ್ಲಿ ಬಟ್ಟೆ ಅಂಗಡಿಯ ಶಿವಸಂಗಪ್ಪ ಹಲಗಿಯವರನ್ನು ಕಟ್ಟಿಕೊಂಡು ನಿಂತಿದ್ದ. ಆ ಓಣಿಯ ಸೋಗಿನ ಯಜಮಾನ ಅವನೇ. ಈ ವರ್ಷ ಇನ್ನೂ ಏನೂ ಹೊಳೆದಿರಲಿಲ್ಲವಂತೆ. ಅವನು ನಮ್ಮನ್ನು ನೋಡಿದ. ಇವರ ಮುಖ, ಎತ್ತಿದ ಕೈ, ಗರಿ, ಪಕ್ಕದ ಖಾಲಿ ಮರಿ, ಎಲ್ಲವನ್ನೂ ನೋಡಿದ. ಅವನ ಮುಖ ಅರಳಿತು.

"ಮುಳುಗಡಿ ಸಾಹೇಬ ಬಂದಾನಲೇ!" ಎಂದು ಕೂಗಿದ. "ಪರಿಹಾರ ತಂದಾನಲೇ! ಬಡೀರಿ ಹಲಗಿ!"

ಅವನದೇನು ತಪ್ಪು? ಊರು ಮುಳುಗುತ್ತದೆಂದು ಹೇಳಿ ಎಷ್ಟೋ ವರ್ಷವಾಗಿತ್ತು. ಆಗಾಗ ಒಬ್ಬ ಹೊಸ ಸಾಹೇಬ ಜೀಪಿನಿಂದ ಇಳಿಯುತ್ತಿದ್ದ, ಮನೆಗಳನ್ನು ಅಳೆಯುತ್ತಿದ್ದ, ಕೈ ಎತ್ತಿ ಎಲ್ಲಾ ಆಗುತ್ತದೆ ಎನ್ನುತ್ತಿದ್ದ, ಹೋಗುತ್ತಿದ್ದ. ಮತ್ತೆ ಇನ್ನೊಬ್ಬನಿಗಾಗಿ ಕಾಯುವುದು. ಅಂಥ ಊರಿನಲ್ಲಿ ಬಿಳಿ ಬಟ್ಟೆಯ ಒಬ್ಬ ಗಂಭೀರ ಮನುಷ್ಯ ಕತ್ತೆಯ ಮೇಲೆ ನಿಧಾನವಾಗಿ, ಕೈ ಎತ್ತಿಕೊಂಡು ಬಂದರೆ, ಅವನ ಸುತ್ತ ಜನ ಬಂದು ರಕ್ಷಿಸು ಎಂದು ಹಾಡಿದರೆ, ಅರ್ಥ ಮಾಡಿಕೊಳ್ಳಲು ಪ್ರವಾದಿ ಬೇಕೇ?

"ಬಾಜೂಕಿನ ಸಣ್ಣ ಕತ್ತಿ ಯಾಕಲೇ?" ಎಂದು ಯಾರೋ ಕೇಳಿದರು.

"ರೊಕ್ಕ ಹೇರಾಕ!"

ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆಮನೆಯಿಂದ ಜನ ಇಳಿದರು. ನಮ್ಮ ಕೈಯಿಂದ ಗರಿ ಕಸಿದುಕೊಂಡು ತಾವೇ ಬೀಸಿದರು. ನಾವು ಹೊಸಾನ್ನ ಎಂದರೆ ಅವರು ಲಬೋ ಲಬೋ ಎನ್ನುವರು. ನಮ್ಮ ಇಪ್ಪತ್ತು ಮನೆಯ ರಾಗ ನೂರು ಹಲಗಿಯ ಸದ್ದಿನಲ್ಲಿ ಮುಳುಗಿಹೋಯಿತು. ಮಾಳಿಗೆಯ ಮೇಲಿಂದ ಹುಣ್ಣಿಮೆಯ ತನಕ ತಡೆಯಲಾರದ ಯಾರೋ ಕೊಡ ಕೊಡ ಕೆಂಪು ನೀರು ಸುರಿದರು. ರಾಚಯ್ಯನವರು ಕಟ್ಟೆಯ ಮೇಲೆ ನಿಂತು, ಕತ್ತೆ ಏರಿದವನಿಗೆ ಪಟ್ಟ ಆಗುತ್ತದೆಂದು ನಮ್ಮಲ್ಲೂ ಬರೆದಿದೆ ಎಂದು ಸಾರುತ್ತಿದ್ದರು.

ನಾನು ಇವರ ಮುಖ ನೋಡಿದೆ. ಕಣ್ಣಲ್ಲಿ ನೀರು. ಸಂತೋಷದ ನೀರು. ಇಡೀ ಊರು ಕರ್ತನಿಗಾಗಿ ಬೀದಿಗೆ ಬಂತು ಎಂದೇ ಇವರು ತಿಳಿದಿದ್ದರು. ಜೀವಮಾನವೆಲ್ಲ ಗೇಲಿ ಮಾಡಿದ ನಾನೇ, ದೇವರೇ ಇವರಿಗೆ ತಿಳಿಯದಿರಲಿ ಎಂದು ಬೇಡಿಕೊಂಡೆ.

ಚರ್ಚಿನ ತಿರುವಿನಲ್ಲಿ ಶಿವಸಂಗಪ್ಪ ಕತ್ತೆ ನಿಲ್ಲಿಸಿದ. ತನ್ನ ಜರತಾರಿ ರುಮಾಲನ್ನು ಇವರ ತಲೆಗೆ ಸುತ್ತಿ, ಕೈಯಲ್ಲಿ ಬಹುಮಾನದ ತೆಂಗಿನಕಾಯಿ ಇಟ್ಟು, ಈ ವರ್ಷದ ಮೊದಲ ಸೋಗು ಕಿಲ್ಲಾ ಓಣಿಯದು ಎಂದು ಸಾರಿದ. ಆಮೇಲೆ ಪ್ರೀತಿಯಿಂದ ಇವರ ಕಿವಿಯ ಹತ್ತಿರ ಬಾಗಿದ. "ಉಪದೇಶಿಗಳ, ಸಾಹೇಬನ್ನ ಬರೋಬ್ಬರಿ ಹಿಡದೀರಿ ಬಿಡ್ರಿ. ನಿಮಗ ಇಷ್ಟು ನಗಸಾಕ ಬರತೈತಿ ಅಂತ ಗೊತ್ತ ಇರಲಿಲ್ಲ."

ಎತ್ತಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಇವರು ಸುತ್ತಲೂ ನೋಡಿದರು, ಮೊದಲ ಸಲ ನೋಡಿದವರ ಹಾಗೆ. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

ಮೆಟ್ಟಿಲ ಮೇಲಿದ್ದ ರೆವರೆಂಡ್ ಥಿಯೋಫಿಲ್ ಅವರಿಗೆ ದೂರದಿಂದ ಕಂಡದ್ದು ಇಷ್ಟು: ಸಾವಿರ ಜನ, ಗರಿ, ವಾದ್ಯ, ನಡುವೆ ಕತ್ತೆಯ ಮೇಲೆ ಬಿಳಿಯಂಗಿಯ ಸೇವಕ. ಅವರು ಅಳುತ್ತ ಓಡಿಬಂದು ಕೆಂಪು ನೀರು ಸೋರುತ್ತಿದ್ದ ನನ್ನ ಗಂಡನನ್ನು ಅಪ್ಪಿಕೊಂಡರು. ಅವರ ಅಂಗಿಯೂ ಕೆಂಪಾಯಿತು.

ಆರಾಧನೆ ಹೇಗೋ ಮುಗಿಯಿತು. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ದೊಡ್ಡ ಅಯ್ಯನವರು ಎಣ್ಣೆಗಾಯಿಗೆ ಮನಸೋತಿದ್ದರು.

"ಇಡೀ ಪಟ್ಟಣವೇ ಕದಲಿತಲ್ಲ, ಉಪದೇಶಿಗಳೇ!" ಎಂದರು. "ಜೆಕರ್ಯನ ಮಾತು ಕಣ್ಣೆದುರು ನೆರವೇರಿತು. ಇನ್ನು ಪರೀಕ್ಷೆ ಏತಕ್ಕೆ? ಮೇ ತಿಂಗಳಲ್ಲಿ ನಿಮಗೆ ದೀಕ್ಷೆ."

ಬಂತು. ಇಷ್ಟು ವರ್ಷ ಕಾದದ್ದು ತಟ್ಟೆಯ ಮುಂದೆಯೇ ಬಂತು. ಬಾಯಿ ಮುಚ್ಚಿಕೊಂಡು ಊಟ ಮಾಡ್ರಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಇವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಅಯ್ಯನವರ, ಅವರು ನಗಾಕತ್ತಿದ್ರು."

"ನಕ್ಕರೇನು? ನೋಡುವವರೆಲ್ಲ ನನ್ನನ್ನು ಹಾಸ್ಯಮಾಡುತ್ತಾರೆಂದು ಕೀರ್ತನೆಯಲ್ಲಿ ದಾವೀದನು ಹೇಳಿಲ್ಲವೇ?"

"ಹಂಗಲ್ರಿ. ಇದು ಹೋಳಿ. ನಾ ಸೋಗು ಹಾಕೇನಿ ಅಂತ ತಿಳಕೊಂಡ್ರು. ಮುಳುಗಡಿ ಸಾಹೇಬನ ಸೋಗು."

"ಯೆರೂಸಲೇಮಿನವರು ಮಾತ್ರ ಏನು ತಿಳಿದಿದ್ದರು? ರೋಮನರನ್ನು ಓಡಿಸಲು ಬಂದ ರಾಜನೆಂದು. ಜನ ಕಂಡರೂ ಅರಿಯುವುದಿಲ್ಲ ಎಂದು ಪ್ರವಾದಿ ಮೊದಲೇ ಹೇಳಿದ್ದಾನೆ."

"ಮೈಮ್ಯಾಲ ಬಣ್ಣ ಹಾಕಿದ್ರು."

"ನಿನ್ನ ಬಟ್ಟೆ ಏಕೆ ಕೆಂಪಾಯಿತು ಎಂದು ಯೆಶಾಯನು ಕೇಳುತ್ತಾನಲ್ಲ!" ಎಂದು ಅವರು ತಮ್ಮ ಅಂಗಿಯ ಕಲೆಯನ್ನು ಹೆಮ್ಮೆಯಿಂದ ಮುಟ್ಟಿ ನೋಡಿಕೊಂಡರು.

"ರುಮಾಲ ಸುತ್ತಿ ಬಹುಮಾನ ಕೊಟ್ರು."

"ಕರ್ತನಿಗೂ ಹಾಸ್ಯಕ್ಕೆಂದೇ ಕಿರೀಟ ತೊಡಿಸಿದರು. ತಾಯಿ, ಇನ್ನೆರಡು ಬದನೆಕಾಯಿ ಬಡಿಸುವಿರಾ?"

ಒಂದೊಂದು ವಾಕ್ಯವೂ ಇವರ ಅಂಗಡಿಯ ಸರಕೇ. ನಿನ್ನೆ ಯಾರಾದರೂ ಬಂದು ಇದೇ ದೂರು ಹೇಳಿದ್ದರೆ ಇವರೂ ಇದೇ ಉತ್ತರ ಕೊಡುತ್ತಿದ್ದರು, ಇದೇ ಸಲೀಸಿನಲ್ಲಿ. ಇವರು ತಟ್ಟೆಯನ್ನು ಬದಿಗೆ ಸರಿಸಿದರು.

"ಅಯ್ಯನವರ, ಒಂದು ಕೇಳ್ತೇನಿ. ಏನಾಗಿದ್ರ ನೀವು ಇದು ನೆರವೇರಿಲ್ಲ ಅಂತಿದ್ರಿ?"

"ಎಂದರೆ?"

"ಇವತ್ತು ಒಬ್ಬರೂ ಬೀದಿಗೆ ಬರದ ಇದ್ದಿದ್ರ?"

"ಆತನು ಜನರಿಂದ ತ್ಯಜಿಸಲ್ಪಟ್ಟವನು ಎಂದು..." ಎನ್ನುತ್ತ ರೆವರೆಂಡ್ ಥಿಯೋಫಿಲ್ ಅಲ್ಲಿಗೇ ನಿಂತರು. ತುತ್ತು ಹಿಡಿದ ಕೈಯೂ ನಿಂತಿತು. ಮರುಕ್ಷಣ ನಕ್ಕುಬಿಟ್ಟರು. "ಉಪದೇಶಿಗಳು ದಣಿದಿದ್ದಾರೆ. ಇಷ್ಟು ದೀನತೆ ಇರುವವರಿಗೇ ದೀಕ್ಷೆ ಸಲ್ಲಬೇಕು," ಎಂದರು.

ಆ ಪ್ರಶ್ನೆ ನನ್ನದು. ಬೇರೆ ಬೇರೆ ಮಾತಿನಲ್ಲಿ ವರ್ಷಗಟ್ಟಲೆ ನಾನು ಕೇಳಿದ್ದು. ಅದು ಕೊನೆಗೂ ಇವರ ಬಾಯಿಂದ ಬಂದಾಗ ನಾನು ಗೆದ್ದೆನೆಂದು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ನಿಜ ಹೇಳಿ ಸೋಲಲು ಕೂತ ಮನುಷ್ಯನಿಗೆ ಸೋಲಲೂ ಬಿಡುತ್ತಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಪಾತ್ರೆಯಲ್ಲಿ ಬೇಕಾದಷ್ಟು ಎಣ್ಣೆಗಾಯಿ ಇತ್ತು. ಮುಗಿಯಿತು ಎಂದು ಹೇಳಿ ಮುಚ್ಚಳ ಮುಚ್ಚಿದೆ.

ಮೇ ತಿಂಗಳಲ್ಲಿ ದೊಡ್ಡ ಚರ್ಚಿನಲ್ಲಿ ದೀಕ್ಷೆಯಾಯಿತು. ಪ್ರಸಂಗ ರೆವರೆಂಡ್ ಥಿಯೋಫಿಲ್ ಅವರದೇ. ಬಾಗಲಕೋಟೆಯ ಕಥೆಯನ್ನು ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನೇ ಅಲ್ಲಿ ಇರಲಿಲ್ಲವೇನೋ ಅನ್ನಿಸಿತು. ಎರಡೇ ತಿಂಗಳಲ್ಲಿ ಸಾವಿರ ಜನ ಹತ್ತು ಸಾವಿರವಾಗಿದ್ದರು. ಹಲಗಿಗಳು ದಮ್ಮಡಿಗಳಾಗಿದ್ದವು. ಬಟ್ಟೆ ಅಂಗಡಿಯ ಶಿವಸಂಗಪ್ಪ ಪಟ್ಟಣದ ಪ್ರಮುಖನಾಗಿ, ತನ್ನ ರುಮಾಲನ್ನು ಬಿಚ್ಚಿ ಕತ್ತೆಯ ಕಾಲಿಗೆ ಹಾಸಿದ್ದ. ಕೆಂಪು ಬಣ್ಣದ ಸುದ್ದಿಯೇ ಇರಲಿಲ್ಲ. ಜನ ಆಮೆನ್ ಎಂದು ಕಣ್ಣೊರೆಸಿಕೊಂಡರು. ಮತ್ತಾಯನ ಕಾಲದಲ್ಲೂ ಯಾವಳೋ ಒಬ್ಬ ಹೆಂಗಸು ಹೀಗೆ ಹಿಂದಿನ ಸಾಲಿನಲ್ಲಿ ಕೂತು ತುಟಿ ಕಚ್ಚಿಕೊಂಡಿರಬಹುದೇ ಎಂದು ನನಗೆ ಅನ್ನಿಸಿತು. ತಲೆಯ ಮೇಲೆ ಕೈಗಳನ್ನಿಟ್ಟು ದೀಕ್ಷೆ ಕೊಡುವಾಗ ಇವರು ಮೊಣಕಾಲೂರಿ ಅತ್ತರು. ಎಲ್ಲರೂ ಅದನ್ನು ಆನಂದ ಎಂದುಕೊಂಡರು.

ಊರಿಗೆ ಬಂದ ವಾರದಲ್ಲೇ ಸಂಗವ್ವನ ಮನೆಯಿಂದ ಕರೆ ಬಂತು. ಕ್ರೈಸ್ತಳಾದರೂ ಅಜ್ಜಿಯ ಹೆಸರನ್ನು ಬಿಡದ ಮುದುಕಿ ಅವಳು. ಮೂರು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ಬಿಸಿಲ ಹೊತ್ತಿನಲ್ಲಿ ಇವರು ರೊಟ್ಟಿ ಮತ್ತು ಪಾತ್ರೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು, ನಾನೂ ಹೋದೆ. ದಾರಿಯುದ್ದಕ್ಕೂ ಪಾತ್ರೆಯನ್ನು ಎದೆಗೆ ಅವುಚಿಕೊಂಡೇ ನಡೆದರು. ಕಿಲ್ಲಾ ಓಣಿಯಲ್ಲಿ ಯಾರೋ ಸಾಹೇಬ್ರ ನಮಸ್ಕಾರ್ರಿ ಎಂದರು. ಇವರು ಗೋಣು ಹಾಕಿ ಮುಂದೆ ಹೋದರು.

ಸಂಗವ್ವ ಗೋಡೆಗೆ ಒರಗಿ ಕಣ್ಣು ತೆರೆದಳು.

"ಉಪದೇಶಿಗಳ," ಎಂದಳು. ಅಯ್ಯನವರು ಎನ್ನುವುದು ಅವಳಿಗಿನ್ನೂ ರೂಢಿಯಾಗಿರಲಿಲ್ಲ. "ಪಾತ್ರಿ ಕೊಡೂಕಿಂತ ಮೊದಲ ಒಂದು ಹೇಳಬೇಕ್ರಿ. ಅವತ್ತ ನೀವು ಕತ್ತಿ ಮ್ಯಾಲ ಬಂದಾಗ ನಾನೂ ನಕ್ಕೆ. ಸೆರಗು ಬಾಯಾಗ ತುರುಕಿಕೊಂಡು ನಕ್ಕೆ. ಪಾಪ ಆತೇನ್ರಿ?"

ನಾನು ಇವರ ಬಾಯಿ ನೋಡುತ್ತ ನಿಂತೆ. ನಕ್ಕವರ ಬಗ್ಗೆ ಇವರ ಹತ್ತಿರ ಎಷ್ಟು ವಾಕ್ಯಗಳಿವೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಲ್ಲ ಯವ್ವಾ," ಎಂದರು. "ನಗೂ ಹಂಗ ಇತ್ತು. ನಗದೇ ಇದ್ದಾವ ನಾ ಒಬ್ಬನ."

ಸಂಗವ್ವನ ಹಲ್ಲಿಲ್ಲದ ಬಾಯಿ ಅರ್ಧ ನಕ್ಕಿತು. ಇವರೂ ನಕ್ಕರು. ಅವಳ ಕತ್ತಿನ ಹಿಂದೆ ಕೈಯಿಟ್ಟು, ಮೆಲ್ಲಗೆ ಎತ್ತಿ, ಪಾತ್ರೆಯನ್ನು ತುಟಿಗೆ ಹಿಡಿದರು. ಅವಳು ಕುಡಿದಳು.